ಘಟ್ಟದ ಕರಿ ತುಡುವೆ ಬಯಲುಸೀಮೆಯಲ್ಲಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಸರ್, ನಾನು ತಿಪಟೂರು ತಾಲ್ಲೂಕಿನವನು. ಮೂರು ಎಕರೆ ತೆಂಗಿನ ತೋಟ ಇದೆ, ನಡುವೆ ಸ್ವಲ್ಪ ಅಡಿಕೆ. ಹೋದ ವರ್ಷ ಫೆಬ್ರುವರಿಯಲ್ಲಿ ಘಟ್ಟದ ಕಡೆಯಿಂದ ಆರು ಪೆಟ್ಟಿಗೆ ಕರಿ ತುಡುವೆ, ಅಂದರೆ ಪೊಟರೆಯಲ್ಲಿ ಗೂಡು ಕಟ್ಟುವ ನಾಡು ಜೇನು, ತಂದೆ. ‘ಇದು ಹೊಸ ಪ್ರಭೇದ, ಸಾಧು ನೊಣ, ಹಳದಿ ತುಡುವೆಗಿಂತ ಎರಡು ಪಟ್ಟು ಜೇನುತುಪ್ಪ ಕೊಡುತ್ತೆ’ ಅಂತ ಮಾರಿದವರು ಹೇಳಿದ್ದರು. ಏಪ್ರಿಲ್‌ನಲ್ಲಿ ಮೂರು ಪೆಟ್ಟಿಗೆ ಒಂದೇ ವಾರದಲ್ಲಿ ಖಾಲಿಯಾದವು. ಉಳಿದವು ಓಡಿಹೋಗಬಾರದೆಂದು ಪೆಟ್ಟಿಗೆ ಬಾಗಿಲಿಗೆ ರಾಣಿ ಗೇಟು (ರಾಣಿ ಹೊರಗೆ ಹೋಗದಂತೆ ತಡೆಯುವ ಸಣ್ಣ ಕಿಂಡಿಯ ತಡೆ) ಹಾಕಿದೆ. ಆಮೇಲೆ ತೆಗೆಯಲಿಲ್ಲ. ಎರಡರಲ್ಲಿ ಗಂಡು ನೊಣಗಳೇ ತುಂಬಿ ಕುಟುಂಬ ಕರಗಿ ಹೋಯಿತು. ಆರನೆಯದರ ಗೇಟು ಯಾವಾಗಲೋ ಕಳಚಿ ಬಿದ್ದಿತ್ತು. ಎರಡು ತಿಂಗಳು ಆ ಕಡೆ ಹೋಗಿರಲಿಲ್ಲ. ಮಳೆಗಾಲ ಕಳೆದು ತೆಗೆದು ನೋಡಿದರೆ ಒಳಗೆ ಎಲ್ಲಾ ಹಳದಿ ನೊಣ! ಜಾಗ ಬದಲಾದರೆ ಬಣ್ಣ ಬದಲಾಗುತ್ತಾ? ನನಗೆ ಮೋಸ ಆಯಿತಾ? ಮತ್ತೆ ಕರಿ ನೊಣವನ್ನೇ ತರಲಾ, ಮೆಲ್ಲಿಫೆರಾಕ್ಕೆ (ಯುರೋಪಿನ ಜೇನು) ಹೋಗಲಾ, ಇಲ್ಲ ಕರಿ–ಹಳದಿ ಮಿಶ್ರ ತಳಿ ಮಾಡಬಹುದಾ? ಹಳದಿ ನೊಣದ ತುಪ್ಪ ಕಡಿಮೆ ಗುಣದ್ದು ಅನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಥೆಗಳಿವೆ. ಮೊದಲ ಮೂರು ಪೆಟ್ಟಿಗೆ ಹೋಗಿದ್ದು ಊರಿನ ಹವೆ ಮತ್ತು ಮೇವಿನ ಕಾರಣಕ್ಕೆ. ಆಮೇಲಿನ ಎರಡು ಸತ್ತಿದ್ದು, ಬೇಸರ ಮಾಡಿಕೊಳ್ಳಬೇಡಿ, ಗೇಟಿನ ಕಾರಣಕ್ಕೆ. ಆರನೆಯದು ಇವೆರಡಕ್ಕಿಂತ ಸ್ವಾರಸ್ಯದ್ದು. ಅಲ್ಲಿಂದಲೇ ಶುರು ಮಾಡೋಣ.

ಕರಿ ನೊಣ ಬಯಲಿಗೆ ಬಂದು ಹಳದಿ ಆಗುವುದಿಲ್ಲ. ಒಂದೇ ಕುಟುಂಬದೊಳಗೆ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ ಅನ್ನುವುದು ನಿಜ. ಚಳಿಗಾಲದಲ್ಲಿ ಎರಿಯ (ನೊಣ ಕಟ್ಟುವ ಮೇಣದ ತಟ್ಟೆಯ) ಅಂಚಿನಲ್ಲಿ, ಕಾವು ಕಡಿಮೆ ಇರುವ ಕಡೆ ಬೆಳೆದ ಕೋಶಗಳಿಂದ ಬರುವ ನೊಣ ಸ್ವಲ್ಪ ಕಪ್ಪಾಗಿರುತ್ತದೆ. ಬೇಸಿಗೆಯಲ್ಲಿ ಹುಟ್ಟಿದ್ದು ತಿಳಿಯಾಗಿರುತ್ತದೆ. ಆಗಷ್ಟೇ ಹೊರಬಂದ ಎಳೆ ನೊಣ ಯಾವಾಗಲೂ ಮಸುಕು. ಆದರೆ ಹೊಟ್ಟೆಯೆಲ್ಲ ಕಪ್ಪಿದ್ದ ಕುಟುಂಬ ಆರು ತಿಂಗಳಲ್ಲಿ ಪೂರ್ತಿ ಹಳದಿ ಪಟ್ಟಿಯದ್ದಾದರೆ ಅದು ಹವೆಯ ಕೆಲಸವಲ್ಲ.

ನನ್ನ ಊಹೆ ಇಷ್ಟು. ಗೇಟು ಬಿದ್ದ ಮೇಲೆ ನಿಮ್ಮ ಕರಿ ಕುಟುಂಬ ಹೊರಟುಹೋಗಿದೆ. ಒಳಗೆ ಕಟ್ಟಿದ ಎರಿ ಉಳಿದಿತ್ತು, ಮೇಣದ ವಾಸನೆ ಇತ್ತು. ಸುತ್ತಮುತ್ತ ಮೂಲ ಕುಟುಂಬದಿಂದ ಪಾಲಾಗಿ ಹೊರಟ ಊರಿನ ಹಳದಿ ಹಿಂಡೊಂದು ಬಂದು ಸೇರಿಕೊಂಡಿದೆ. ಮರದ ಪೊಟರೆ ಹುಡುಕುತ್ತಾ ಅಲೆಯುವ ಹಿಂಡಿಗೆ ಕಟ್ಟಿದ ಎರಿ ಇರುವ ಪೆಟ್ಟಿಗೆಗಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು? ಬಣ್ಣ ಬದಲಾಗಲಿಲ್ಲ, ಮನೆಯವರೇ ಬದಲಾದರು. ಎರಡು ತಿಂಗಳು ನೀವು ಆ ಕಡೆ ಹೋಗಿರಲಿಲ್ಲ ಅಂದಿದ್ದೀರಿ. ಇಷ್ಟು ನಡೆಯಲು ಅಷ್ಟು ದಿನ ಧಾರಾಳ ಸಾಕು.

ರಾಣಿ ಬದಲಾಗಿ, ಹೊಸ ರಾಣಿ ಊರಿನ ಹಳದಿ ಗಂಡುಗಳ ಜೊತೆ ಕೂಡಿ ಹಳದಿ ಸಂತಾನ ಬಂದಿರಬಹುದಲ್ವಾ ಅಂತ ನೀವು ಕೇಳಬಹುದು. ಮಿಶ್ರ ತಳಿಯ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ದಕ್ಷಿಣ ಭಾರತದಲ್ಲಿ ಪೊಟರೆಯಲ್ಲಿ ಗೂಡು ಕಟ್ಟುವ ತುಡುವೆ ಎರಡು ಬಣ್ಣದಲ್ಲಿದೆ. ಮಲೆನಾಡು, ಕೊಡಗು, ಘಟ್ಟದ ತಪ್ಪಲಿನಲ್ಲಿ ಹೆಚ್ಚಾಗಿ ಕರಿ, ಬಯಲಲ್ಲಿ ಹಳದಿ. ಕೆಲವು ಕಡೆ ಎರಡೂ ಅಕ್ಕಪಕ್ಕದಲ್ಲೇ ಬದುಕುತ್ತವೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇವೆರಡರ ಗಂಡು ನೊಣಗಳು ಕೂಡಲು ಹೊರಗೆ ಹಾರುವ ಹೊತ್ತೇ ಬೇರೆ ಬೇರೆ ಅಂತ ಕಂಡುಬಂತು. ಹೊತ್ತು ಬೇರೆಯಾದರೆ ಒಂದರ ರಾಣಿಗೆ ಇನ್ನೊಂದರ ಗಂಡು ಸಿಗುವ ಸಂಭವ ಕಡಿಮೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಕೂಡ ಎರಡರಲ್ಲೂ ಬೇರೆ. ಹೀಗಾಗಿ ಕರಿ ರಾಣಿ ತಂದು ತಿಪಟೂರಿನಲ್ಲಿ ಮಿಶ್ರ ತಳಿ ಮಾಡುತ್ತೇನೆ ಅನ್ನುವುದು ಹೇಳಿದಷ್ಟು ಸುಲಭವಲ್ಲ. ಅದೂ ಅಲ್ಲದೆ ರಾಣಿ ಆಕಾಶದಲ್ಲಿ ಹಾರುತ್ತಾ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ. ಯಾವ ಗಂಡು ಅಂತ ನೀವು, ನಾನು ಆರಿಸುವಂತಿಲ್ಲ.

ಇದರ ಇನ್ನೊಂದು ಪರಿಣಾಮ ಮಾರುವವರು ಹೇಳುವುದಿಲ್ಲ. ಕರಿ ಕುಟುಂಬವೇ ಇಲ್ಲದ ಊರಿಗೆ ಐದಾರು ಪೆಟ್ಟಿಗೆ ತಂದಿಟ್ಟರೆ, ಅದರ ಹೊಸ ರಾಣಿಗೆ ಸರಿಯಾದ ಗಂಡು ಸಿಗುವುದೇ ಕಷ್ಟ. ಹಳೆ ರಾಣಿ ಇರುವ ತನಕ ಎಲ್ಲ ಚೆನ್ನಾಗಿರುತ್ತದೆ. ರಾಣಿ ಬದಲಾದ ಕೂಡಲೇ ಕುಟುಂಬ ಸೊರಗುತ್ತದೆ. ‘ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಏನಾಯಿತೋ ಗೊತ್ತಿಲ್ಲ’ ಅಂತ ಬಯಲಿನ ಎಷ್ಟೋ ರೈತರು ನನಗೆ ಹೇಳಿದ್ದಾರೆ.

ನಿಮ್ಮ ಗೇಟಿನ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. ರಾಣಿ ಗೇಟು ಇರುವುದು ಹೊಸ ಜಾಗಕ್ಕೆ ತಂದ ಕುಟುಂಬ, ಅಥವಾ ಹಿಡಿದ ಹಿಂಡು, ಎರಿ ಕಟ್ಟಿ ಮೊಟ್ಟೆ ಇಡಲು ಶುರು ಮಾಡುವ ತನಕದ ಕೆಲವೇ ದಿನಗಳಿಗೆ. ಅದರ ಕಿಂಡಿಯಲ್ಲಿ ಕೆಲಸಗಾರ ನೊಣ ನುಸುಳುತ್ತದೆ. ರಾಣಿ ಮತ್ತು ಗಂಡು ನೊಣ ನುಸುಳಲಾರವು. ತಿಂಗಳುಗಟ್ಟಲೆ ಹಾಗೇ ಬಿಟ್ಟಾಗ ಒಳಗೆ ರಾಣಿ ಬದಲಾಗಿದೆ. ಹೊಸ ಕನ್ಯೆ ರಾಣಿ ಕೂಡಲು ಹೊರಗೆ ಹಾರಲು ಆಗಲಿಲ್ಲ. ಕೂಡದ ರಾಣಿ ಇಡುವ ಮೊಟ್ಟೆಯಿಂದ ಬರೀ ಗಂಡು ಹುಟ್ಟುತ್ತದೆ. ರಾಣಿಯೇ ಇಲ್ಲದಿದ್ದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತವೆ, ತುಡುವೆಯಲ್ಲಿ ಇದು ಬೇಗ ಶುರುವಾಗುತ್ತದೆ, ಅದರಿಂದಲೂ ಗಂಡೇ. ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ, ಗೋಡೆಗೆ ಅಂಟಿದ ಮೊಟ್ಟೆ, ಸಣ್ಣ ಕೋಶದ ಮೇಲೆ ಉಬ್ಬಿದ ಮುಚ್ಚಳ ಕಂಡರೆ ಇದೇ ಅಂತ ತಿಳಿಯಿರಿ. ಇದು ಕರಿ ನೊಣದ ದೋಷವಲ್ಲ, ಹಳದಿಗೆ ಗೇಟು ಹಾಕಿದ್ದರೂ ಹೀಗೇ ಆಗುತ್ತಿತ್ತು.

ಇನ್ನು ಓಡಿಹೋದ ಮೂರು ಪೆಟ್ಟಿಗೆ. ಒಂದು ಊರಿನ ನೊಣಕ್ಕೂ ಇನ್ನೊಂದು ಊರಿನ ನೊಣಕ್ಕೂ ಇರುವ ವ್ಯತ್ಯಾಸ ಎಷ್ಟು ಆಳದ್ದು ಅಂತ ಇಲ್ಲಿ ಸ್ವಲ್ಪ ಹೇಳಲೇಬೇಕು. ತುಡುವೆ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಇದೆ, ಆಚೆ ಜಪಾನಿನ ತನಕವೂ ಇದೆ. ತಣ್ಣನೆಯ ಉತ್ತರಕ್ಕೆ, ಎತ್ತರದ ಬೆಟ್ಟಕ್ಕೆ ಹೋದಷ್ಟೂ ನೊಣ ದೊಡ್ಡದಾಗುತ್ತದೆ, ಕಪ್ಪಾಗುತ್ತದೆ. ನಂಬಿಕೆ ಬರದಿದ್ದರೆ ಎರಿಯ ಮೇಲೆ ಸ್ಕೇಲ್ ಇಟ್ಟು ಹತ್ತು ಕೋಶದ ಅಳತೆ ತೆಗೆಯಿರಿ. ನಮ್ಮ ದಕ್ಷಿಣದ ತುಡುವೆಯದ್ದು ಸುಮಾರು 42ರಿಂದ 45 ಮಿಲಿಮೀಟರ್ ಒಳಗೆ ಇರುತ್ತದೆ. ಬಯಲಿನದ್ದು ಸಣ್ಣ ಅಳತೆಯ ಕಡೆ, ಘಟ್ಟದ್ದು ದೊಡ್ಡ ಅಳತೆಯ ಕಡೆ. ಕಾಶ್ಮೀರದ ತುಡುವೆಯದ್ದು 49ರ ಹತ್ತಿರ, ಮೆಲ್ಲಿಫೆರಾದ್ದು 53ರ ಮೇಲೆ. ಆರನೇ ಪೆಟ್ಟಿಗೆಯಲ್ಲಿ ಹಳೆ ಎರಿ, ಹೊಸ ಎರಿ ಎರಡೂ ಇದ್ದರೆ ಅಳೆದು ನೋಡಿ. ಮನೆಯವರು ಬದಲಾಗಿದ್ದರೆ ಕೋಶದಲ್ಲೂ ವ್ಯತ್ಯಾಸ ಕಾಣಬಹುದು.

ಮೈ ಅಳತೆಯ ಜೊತೆ ನಡವಳಿಕೆಯೂ ಬದಲಾಗುತ್ತದೆ. ಕಾಶ್ಮೀರದಲ್ಲಿ ಚಳಿಗಾಲ ಉದ್ದ. ಆ ಚಳಿಯಲ್ಲಿ ಗೂಡು ಬಿಟ್ಟು ಹೊರಟ ಕುಟುಂಬ ಸತ್ತಂತೆಯೇ. ಅದಕ್ಕೇ ಅಲ್ಲಿನ ತುಡುವೆ ದೊಡ್ಡ ಕುಟುಂಬ ಕಟ್ಟಿ, ತುಪ್ಪ ಕೂಡಿಟ್ಟು, ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಪಾಲಾಗುವುದೂ ಕಡಿಮೆ. ನಮ್ಮ ಕಡೆ ಲೆಕ್ಕವೇ ಬೇರೆ. ಇಲ್ಲಿ ಹೂವಿಲ್ಲದಿದ್ದರೆ ಇನ್ನೊಂದು ಕಡೆ ಇರುತ್ತದೆ, ಹೊರಗೆ ಬಿದ್ದರೆ ಚಳಿಗೆ ಯಾರೂ ಸಾಯುವುದಿಲ್ಲ. ಮಳೆ ಕೈಕೊಟ್ಟಾಗ ನಮ್ಮ ಜನ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರಲ್ಲ, ಈ ನೊಣದ ಬಾಳೂ ಹಾಗೇ. ಸಣ್ಣ ಕುಟುಂಬ, ಮತ್ತೆ ಮತ್ತೆ ಪಾಲು, ಕಷ್ಟ ಬಂದರೆ ಪರಾರಿ. ನಾವು ಅದನ್ನು ದುರ್ಗುಣ ಅನ್ನುತ್ತೇವೆ. ಅದು ಈ ಸೀಮೆಯಲ್ಲಿ ಇಷ್ಟು ಕಾಲ ಉಳಿದಿದ್ದೇ ಆ ಗುಣದಿಂದ.

ಘಟ್ಟದ ಕರಿ ನೊಣ ಇವೆರಡರ ನಡುವಿನದ್ದು. ಅದರ ವರ್ಷದ ಲೆಕ್ಕ ಮಲೆನಾಡಿನದ್ದು. ಜನವರಿಯಿಂದ ಮೇ ತನಕ ಕಾಡಿನ ಮರ ಒಂದಾದ ಮೇಲೊಂದು ಹೂ ಬಿಡುತ್ತವೆ. ನೇರಳೆ, ಅಂಟುವಾಳ, ಮಳೆ ಬಿದ್ದ ಮೇಲೆ ಕಾಫಿ, ಕೆಳಗೆ ದಕ್ಷಿಣ ಕನ್ನಡದ ಕಡೆ ರಬ್ಬರ್ ಚಿಗುರಿನ ರಸ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಅಂದರೆ ಮಾರ್ಚ್–ಏಪ್ರಿಲ್ ಅಂದರೆ ಆ ನೊಣಕ್ಕೆ ಹಬ್ಬ. ನೀವು ಫೆಬ್ರುವರಿಯಲ್ಲಿ, ಕುಟುಂಬ ತುಂಬಿ ತುಳುಕುವ ಹೊತ್ತಲ್ಲಿ, ಅದನ್ನು ಎತ್ತಿ ತಂದು ತೆಂಗಿನ ತೋಟದಲ್ಲಿ ಇಟ್ಟಿರಿ. ತೆಂಗು ವರ್ಷವಿಡೀ ಹೂ ಕೊಡುತ್ತದೆ ನಿಜ, ಪರಾಗಕ್ಕೆ ಅದರಂಥ ಮರ ಇಲ್ಲ. ಆದರೆ ಅಷ್ಟು ದೊಡ್ಡ ಕುಟುಂಬದ ಹೊಟ್ಟೆ ತುಂಬಿಸುವಷ್ಟು ಮಕರಂದ ಮೂರು ಎಕರೆಯಲ್ಲಿ ಎಲ್ಲಿಂದ ಬರಬೇಕು? ಬೇಲಿ ಸಾಲಿನ ಹೊಂಗೆ ಇದ್ದರೆ ಸ್ವಲ್ಪ ದಿನ ತಳ್ಳುತ್ತದೆ, ಅಷ್ಟೇ. ಜೊತೆಗೆ ಬಿಸಿಲು. ಮರಿ ಇರುವ ಜಾಗವನ್ನು ನೊಣಗಳು 33ರಿಂದ 35 ಡಿಗ್ರಿಯಲ್ಲಿ ಇಡಬೇಕು. ಹೊರಗೆ ಅದಕ್ಕಿಂತ ಜಾಸ್ತಿ ಆದಾಗ ಮೇವು ತರುವ ನೊಣಗಳೆಲ್ಲ ನೀರು ತರಲು, ರೆಕ್ಕೆ ಬೀಸಲು ನಿಲ್ಲುತ್ತವೆ. ಒಳಗೆ ಬರುವುದು ನಿಂತು, ಖರ್ಚು ಏರಿತು. ಹೊರಟವು.

ಪರಾರಿ ಒಂದೇ ದಿನದಲ್ಲಿ ಆಗುವುದಲ್ಲ. ಹೆದರಿಸಿ ಓಡಿಸಿದಾಗ ಬೇರೆ, ಇರುವೆ ನುಗ್ಗಿದರೆ ಮರಿ ಬಿಟ್ಟೇ ಹಾರಿಬಿಡುತ್ತವೆ. ಮೇವಿಲ್ಲದೆ ಹೋಗುವ ಕುಟುಂಬ ಮೊದಲೇ ಸೂಚನೆ ಕೊಡುತ್ತದೆ. ರಾಣಿ ಮೊಟ್ಟೆ ನಿಲ್ಲಿಸುತ್ತದೆ. ತೆರೆದ ಕೋಶದಲ್ಲಿ ಎಳೆ ಮರಿ ಕಾಣುವುದಿಲ್ಲ, ಮುಚ್ಚಿದ ಮರಿ ಮಾತ್ರ ಉಳಿದಿರುತ್ತದೆ. ಕಾಲಿಗೆ ಪರಾಗ ಅಂಟಿಸಿಕೊಂಡು ಬರುವ ನೊಣ ಕಡಿಮೆಯಾಗುತ್ತದೆ. ಕೊನೆಯ ಮರಿ ಹೊರಬಂದ ಮೇಲೆ, ಇದ್ದ ತುಪ್ಪ ಹೊಟ್ಟೆಗೆ ತುಂಬಿಕೊಂಡು ಹೊರಡುತ್ತವೆ. ನಿಮ್ಮ ಖಾಲಿ ಪೆಟ್ಟಿಗೆಯಲ್ಲಿ ಸತ್ತ ಮರಿ ಇಲ್ಲದೆ ಎರಿ ಚೊಕ್ಕಟವಾಗಿ ಉಳಿದಿತ್ತೇ? ಹಾಗಿದ್ದರೆ ಇದೇ ನಡೆದಿದೆ.

ಮಾರಿದವರ ಮೂರು ಮಾತುಗಳನ್ನು ಈಗ ನೋಡೋಣ. ‘ಹೊಸ ಪ್ರಭೇದ’ ಅನ್ನುವುದು ಪೂರ್ತಿ ಸುಳ್ಳಲ್ಲ. 2022ರಲ್ಲಿ ಕೇರಳದ ಸಂಶೋಧಕರು ಪಶ್ಚಿಮ ಘಟ್ಟದ ಕರಿ ನೊಣಕ್ಕೆ ಏಪಿಸ್ ಕರಿಂಜೋಡಿಯನ್ ಅಂತ ಹೆಸರಿಟ್ಟು, ಇದು ಬೇರೆ ಪ್ರಭೇದ ಅಂದರು. ಆದರೆ ಎಲ್ಲ ವಿಜ್ಞಾನಿಗಳೂ ಅದನ್ನು ಒಪ್ಪಿಲ್ಲ, ತುಡುವೆಯದ್ದೇ ಒಂದು ರೂಪ ಅನ್ನುವವರೂ ಇದ್ದಾರೆ. ಅದು ಹೇಗೇ ಇತ್ಯರ್ಥವಾಗಲಿ, ಹೆಸರು ಹೊಸದಾದ ಮಾತ್ರಕ್ಕೆ ನೊಣ ಹೊಸದಾಗಲಿಲ್ಲ. ಅಜ್ಜನ ಕಾಲದಿಂದ ಮಲೆನಾಡಿನವರು ಗಡಿಗೆಯಲ್ಲಿ ಸಾಕುತ್ತಿದ್ದುದೂ ಇದೇ ನೊಣ. ಹೆಸರಿನ ಮೇಲೆ ಬೆಲೆ ಏರಿಸಿದ್ದರೆ ಅದು ವ್ಯಾಪಾರ.

‘ಸಾಧು’ ಅನ್ನುವುದು ಭಾಗಶಃ ನಿಜ. ಹೂವು ಚೆನ್ನಾಗಿರುವಾಗ ಯಾವ ತುಡುವೆಯೂ ಸಾಧುವೇ. ಮೇವು ಇಲ್ಲದಾಗ, ಮೋಡ ಕವಿದಾಗ, ಸಂಜೆ ತಡವಾಗಿ ತೆಗೆದಾಗ, ಎರಿ ಕಟ್ಟಿದ ಫ್ರೇಮ್ ಜೋರಾಗಿ ಎಳೆದಾಗ ಎಲ್ಲವೂ ಚುಚ್ಚುತ್ತವೆ. ಕೆಲವು ಕುಟುಂಬ ಹುಟ್ಟಾ ಸಿಡುಕು, ಅದು ರಾಣಿಯಿಂದ ಬರುತ್ತದೆ. ನನ್ನ ಕೈಗೆ ಸಿಕ್ಕ ಅತಿ ಸಿಡುಕಿನ ಕುಟುಂಬಗಳಲ್ಲಿ ಕರಿಯವೂ ಇದ್ದವು.

‘ಎರಡು ಪಟ್ಟು ತುಪ್ಪ’ದಲ್ಲಿ ಮಾತ್ರ ನಿಮ್ಮನ್ನು ದಾರಿ ತಪ್ಪಿಸಿದ್ದಾರೆ. ಮಲೆನಾಡಿನ ಒಳ್ಳೆಯ ಪೆಟ್ಟಿಗೆ ವರ್ಷಕ್ಕೆ ಎಂಟು–ಹತ್ತು ಕಿಲೋ ಕೊಡುವುದು ನಿಜ, ಬಯಲಿನದ್ದು ಅದರ ಅರ್ಧ ಕೊಟ್ಟರೆ ಪುಣ್ಯ. ಆ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕಾಡಿನದ್ದು. ತುಡುವೆ ಮೇವಿಗೆ ಹೋಗುವುದೇ ಒಂದು, ಒಂದೂವರೆ ಕಿಲೋಮೀಟರ್ ಒಳಗೆ. ನೊಣವನ್ನು ಲಾರಿಯಲ್ಲಿ ತರಬಹುದು, ಅದರ ಸುತ್ತಲಿನ ಕಾಡನ್ನು ತರಲಾಗದು.

ಹಾಗಾದರೆ ಮುಂದೇನು?

ಮತ್ತೆ ಕರಿ ನೊಣ ತರುವುದನ್ನು ನಾನು ಒಪ್ಪುವುದಿಲ್ಲ. ಓಡಿಹೋಗುವ ಭಯ, ರಾಣಿ ಕೂಡುವ ತೊಂದರೆ ಹೇಳಿಯಾಯಿತು. ಅದಕ್ಕಿಂತ ದೊಡ್ಡದು ರೋಗ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಕರ್ನಾಟಕ, ಕೇರಳ, ತಮಿಳುನಾಡಿನ ಬಹುಪಾಲು ತುಡುವೆ ಪೆಟ್ಟಿಗೆ ಖಾಲಿ ಮಾಡಿತು. ಆಗ ಜೇನು ಸಾಕಣೆಯನ್ನೇ ಬಿಟ್ಟವರು ಎಷ್ಟೋ ಮಂದಿ. ಆ ರೋಗಕ್ಕೆ ಇವತ್ತಿಗೂ ಔಷಧಿ ಇಲ್ಲ, ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಮತ್ತೆ ಬೆಳೆಸಿಕೊಂಡಿದ್ದೇವೆ. ಊರಿಂದ ಊರಿಗೆ ಪೆಟ್ಟಿಗೆ ಸಾಗಿಸುವುದು ಅದು ಹರಡುವ ಒಂದು ದೊಡ್ಡ ದಾರಿ. ಎಲ್ಲಿಂದಲಾದರೂ ಕೊಳ್ಳಲೇಬೇಕಾದರೆ ಫ್ರೇಮ್ ಎತ್ತಿ ಮರಿ ನೋಡದೆ ದುಡ್ಡು ಕೊಡಬೇಡಿ. ಕೋಶದಲ್ಲಿ ಬೆನ್ನ ಮೇಲೆ ಮಲಗಿ, ತಲೆ ಮೊನಚಾಗಿ ಮೇಲೆ ಎತ್ತಿಕೊಂಡು ಸತ್ತ ಮರಿ ಕಂಡರೆ, ಎತ್ತಿದಾಗ ನೀರು ತುಂಬಿದ ಚೀಲದಂತಿದ್ದರೆ, ಅಲ್ಲಿಂದ ಏನನ್ನೂ ತರಬೇಡಿ. ಖಾಲಿ ಫ್ರೇಮೂ ಬೇಡ.

ಮೆಲ್ಲಿಫೆರಾ ಒಳ್ಳೆಯ ನೊಣ. 1960ರ ದಶಕದಲ್ಲಿ ಹಿಮಾಚಲ, ಪಂಜಾಬ್ ಕಡೆ ನೆಲೆಯೂರಿ ಆಮೇಲೆ ದೇಶಕ್ಕೆಲ್ಲ ಹರಡಿತು. ಓಡಿಹೋಗುವುದು ಕಡಿಮೆ, ಒಂದು ಪೆಟ್ಟಿಗೆಯಲ್ಲಿ 25–30 ಕಿಲೋ ತುಪ್ಪ ತೆಗೆಯುವವರಿದ್ದಾರೆ. ಆದರೆ ಅವರೆಲ್ಲ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹಾಕಿಕೊಂಡು ಸೂರ್ಯಕಾಂತಿಗೆ, ಸಾಸಿವೆಗೆ, ರಬ್ಬರ್ ತೋಟಕ್ಕೆ ಸುತ್ತುವವರು. ಒಂದೇ ತೋಟದಲ್ಲಿ ಇಟ್ಟು ಸಾಕುತ್ತೇನೆ ಅಂದರೆ ವರ್ಷದ ಅರ್ಧ ದಿನ ಸಕ್ಕರೆ ಪಾಕ ಕೊಡಬೇಕಾಗುತ್ತದೆ. ವರೋವಾ ನುಸಿ ಇನ್ನೊಂದು ತಲೆನೋವು. ಆ ನುಸಿ ಮೂಲತಃ ತುಡುವೆಯದ್ದೇ. ತುಡುವೆಯಲ್ಲಿ ಅದು ಗಂಡು ಮರಿಯ ಕೋಶದಲ್ಲಿ ಮಾತ್ರ ವಂಶ ಬೆಳೆಸುತ್ತದೆ, ಜೊತೆಗೆ ನೊಣಗಳು ಒಂದರ ಮೈಯಿಂದ ಇನ್ನೊಂದು ಅದನ್ನು ಹೆಕ್ಕಿ ತೆಗೆಯುತ್ತವೆ. ಮೆಲ್ಲಿಫೆರಾಕ್ಕೆ ಆ ಅಭ್ಯಾಸ ಅಷ್ಟಿಲ್ಲ, ಕೆಲಸಗಾರ ಮರಿಯನ್ನೂ ನುಸಿ ಹಾಳು ಮಾಡುತ್ತದೆ. ವರ್ಷ ವರ್ಷ ಚಿಕಿತ್ಸೆ ಬೇಕು. ತುಡುವೆ ಪಕ್ಕದಲ್ಲೇ ಮೆಲ್ಲಿಫೆರಾ ಇಟ್ಟರೆ ಮೇವಿಲ್ಲದ ಕಾಲದಲ್ಲಿ ತುಪ್ಪದ ಕಳ್ಳತನವೂ ಶುರು. ಇದನ್ನೇ ಕಸುಬು ಮಾಡಿಕೊಂಡು ಪೆಟ್ಟಿಗೆ ಜೊತೆ ಓಡಾಡುವ ಮನಸ್ಸಿದ್ದರೆ ಮಾತ್ರ ಆ ಕಡೆ ಹೋಗಿ. ತೆಂಗಿಗೆ ಪರಾಗಸ್ಪರ್ಶ ಆಗಲಿ, ಮನೆಗೆ ತುಪ್ಪ ಬರಲಿ ಅನ್ನುವಷ್ಟಕ್ಕೆ ಇದು ಬೇಡ.

ನಿಮ್ಮ ಆರನೇ ಪೆಟ್ಟಿಗೆಯಲ್ಲಿ ತಾನಾಗಿ ಬಂದು ಕೂತಿದೆಯಲ್ಲ, ಅದನ್ನೇ ಬೆಳೆಸಿ ಅನ್ನುತ್ತೇನೆ. ಪುಕ್ಕಟೆ ಬಂದದ್ದು ಅಂತ ಕಡೆಗಣಿಸಬೇಡಿ. ನಿಮ್ಮ ಊರಿನ ಬಿಸಿಲು, ನಿಮ್ಮ ಊರಿನ ಹೂವಿನ ಲೆಕ್ಕ ಅದಕ್ಕೆ ಗೊತ್ತು, ಕೂಡಲು ಸುತ್ತ ಗಂಡುಗಳಿವೆ. ಆದರೆ ಅದನ್ನು ಕರಿ ನೊಣದಂತೆ ಸಾಕಿದರೆ ಇದೂ ಹೋಗುತ್ತದೆ. ಮೊದಲು ಪೆಟ್ಟಿಗೆಯ ಅಳತೆ ನೋಡಿ. ಹಳದಿ ಕುಟುಂಬ ಸಣ್ಣದು. ಎಂಟು ಫ್ರೇಮ್ ಸಂಸಾರ ಕೋಣೆಯಲ್ಲಿ (ಮರಿ ಬೆಳೆಸುವ ಕೋಣೆ) ನಾಲ್ಕೈದು ಫ್ರೇಮ್ ತುಂಬಿ ಉಳಿದದ್ದು ಖಾಲಿ ಬಿಡುತ್ತದೆ, ಆ ಖಾಲಿ ಎರಿಗೆ ಮೇಣದ ಹುಳು ಬೀಳುತ್ತದೆ. ನೊಣ ಕೂರದ ಎರಿಯನ್ನು ಹೊರಗೆ ತೆಗೆದು, ಅಡ್ಡಕ್ಕೆ ಒಂದು ಹಲಗೆ ಕೊಟ್ಟು ಜಾಗ ಕಿರಿದು ಮಾಡಿ. ದಕ್ಷಿಣದ ಸಣ್ಣ ನೊಣಕ್ಕೆ ಅಂತಲೇ ನೂರು ವರ್ಷದ ಹಿಂದೆ ಮಾಡಿದ ನ್ಯೂಟನ್ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಎರಿ ಕಟ್ಟಲು ಆಧಾರಕ್ಕೆ ಕೊಡುವ ಮೆಲ್ಲಿಫೆರಾದ ಮೇಣದ ಹಾಳೆ ಅಗ್ಗಕ್ಕೆ ಸಿಗುತ್ತೆ ಅಂತ ಹಾಕಬೇಡಿ, ಕೋಶದ ಅಳತೆ ಹೊಂದುವುದಿಲ್ಲ.

ಮಾರ್ಚ್‌ನಿಂದ ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಿ, ಮೇಲೆ ತೆಂಗಿನ ಗರಿ ಹೊದಿಸಿ, ಹತ್ತಿರದಲ್ಲೇ ನೀರು ಇರಲಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಬೇಕೇ ಬೇಕು, ಇರುವೆಗೆ. ವಾರಕ್ಕೊಮ್ಮೆ ಅಡಿಮಣೆ ಗುಡಿಸಿ. ತೆರೆದ ಮರಿ ಕಡಿಮೆಯಾದ ಸೂಚನೆ ಕಂಡ ದಿನವೇ ಸಕ್ಕರೆ ಮತ್ತು ನೀರು ಸಮ ಸಮ ಹಾಕಿದ ಪಾಕ ಸಂಜೆ ಪೆಟ್ಟಿಗೆಯೊಳಗೆ ಕೊಡಿ, ಹೊರಗೆ ಒಂದು ತೊಟ್ಟೂ ಚೆಲ್ಲದಂತೆ. ಬೇರೆ ಪೆಟ್ಟಿಗೆಯ ಮರಿ ಫ್ರೇಮ್ ಇದ್ದರೆ ಒಂದನ್ನು ಅದಕ್ಕೆ ಕೊಡಿ. ಎಳೆ ಮರಿ ಇರುವ ಗೂಡನ್ನು ನೊಣ ಬೇಗ ಬಿಡುವುದಿಲ್ಲ.

ಒಂದು ಕುಟುಂಬ ಐದಾಗುವುದು ನಿಧಾನ. ಮಳೆ ಕಳೆದು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಈ ನೊಣಕ್ಕೆ ಶಕ್ತಿ ಬರುತ್ತದೆ. ರಾಣಿ ಕೋಶ ಕಟ್ಟಲು ಶುರು ಮಾಡುತ್ತದೆ. ಅದು ತಾನಾಗಿ ಪಾಲಾಗಿ ಹೋಗುವ ಮೊದಲು ನೀವೇ ಎರಡು ಮಾಡಿ. ನಿಮ್ಮ ಖಾಲಿ ಪೆಟ್ಟಿಗೆಗಳಲ್ಲಿ ಎರಡನ್ನು ಮೇಣ ಸವರಿ, ನೆರಳಿನಲ್ಲಿ, ಆಳೆತ್ತರದಲ್ಲಿ ಇಟ್ಟರೆ ಇನ್ನಷ್ಟು ಹಿಂಡು ಬರಲೂಬಹುದು. ಎಲ್ಲವೂ ಒಂದೇ ಥರ ಇರುವುದಿಲ್ಲ. ಬೇಸಿಗೆ ದಾಟಿ ನಿಂತದ್ದು, ಚುಚ್ಚುವುದು ಕಡಿಮೆ ಇರುವುದು, ತುಪ್ಪ ಕೂಡಿಡುವುದು, ಇವುಗಳ ರಾಣಿ ಕೋಶವನ್ನೇ ಮುಂದಿನ ಪಾಲಿಗೆ ಬಳಸಿ. ಸದಾ ಓಡುವ ಕುಟುಂಬ ಓಡಿಹೋದರೆ ಹೋಗಲಿ, ಹಿಂದೆ ಬೀಳಬೇಡಿ. ಗೇಟನ್ನು ಮಾತ್ರ ಹೊಸ ಹಿಂಡಿಗೆ ನಾಲ್ಕೈದು ದಿನ ಹಾಕಿ, ಮೊಟ್ಟೆ ಕಂಡ ಕೂಡಲೇ ತೆಗೆಯಿರಿ. ಹಿಂಡಿನಲ್ಲಿರುವುದು ಕನ್ಯೆ ರಾಣಿ ಅಂತ ಅನುಮಾನ ಇದ್ದರೆ ಹಾಕಲೇಬೇಡಿ.

ಸತ್ತ ಎರಡು ಪೆಟ್ಟಿಗೆಯ ಎರಿಯನ್ನು ಹಾಗೇ ಇಟ್ಟಿದ್ದರೆ ಇವತ್ತೇ ತೆಗೆದು ಕರಗಿಸಿ ಮೇಣ ಮಾಡಿ. ಫ್ರೇಮ್ ಕೆರೆದು, ತೊಳೆದು, ಬಿಸಿಲಿಗೆ ಹಾಕಿ.

ಕೊನೆಯ ಪ್ರಶ್ನೆ, ಹಳದಿ ನೊಣದ ತುಪ್ಪದ ಗುಣ. ತುಪ್ಪದ ಬಣ್ಣ, ರುಚಿ, ವಾಸನೆ ಹೂವಿನಿಂದ ಬರುತ್ತದೆ. ನೇರಳೆ ಹೂವಿನ ತುಪ್ಪ ಕರಿ ನೊಣ ತಂದರೂ ಕಹಿ, ಹಳದಿ ತಂದರೂ ಕಹಿ. ನೀರಿನ ಅಂಶ ಮಾತ್ರ ನಿಮ್ಮ ಕೈಯಲ್ಲಿದೆ. ತುಡುವೆ ತುಪ್ಪ ಸ್ವಲ್ಪ ತೆಳು, ಅವಸರ ಮಾಡಿ ತೆಗೆದರೆ ಹುಳಿ ಬಂದು ನೊರೆ ಏಳುತ್ತದೆ. ಮಾರಾಟದ ನಿಯಮದಲ್ಲಿ ನೀರಿನ ಅಂಶ ಶೇ 20ಕ್ಕಿಂತ ಹೆಚ್ಚಿರಬಾರದು. ಎರಿಯ ಮುಕ್ಕಾಲು ಪಾಲಾದರೂ ನೊಣ ಮುಚ್ಚಳ ಹಾಕುವ ತನಕ ಕಾಯಿರಿ. ಮೊದಲ ವರ್ಷ ಏನನ್ನೂ ತೆಗೆಯದೆ ಬಿಟ್ಟರೆ ಇನ್ನೂ ವಾಸಿ.